ಮೇಣದಬತ್ತಿ ಸಾಕು ಅಂದ ಮಾಸ್ತರ್ರಿಗೆ

ಹೋದ ಸಂಚಿಕೇಲಿ ಹೊನ್ನಾವರ ಕಡೆಯ ತಾಯಿಯೊಬ್ಬರ ನಾಕು ಸಾಲಿನ ಪತ್ರ ಹಾಕಿದ್ವಿ. ಮಗನಿಗೆ ಇಪ್ಪತ್ತು, ಹುಟ್ಟಿನಿಂದ ಬುದ್ಧಿ ಬೆಳವಣಿಗೆ ನಿಧಾನ, ಆದ್ರೂ ಕಾಲೇಜಿಗೆ ಹೋಗ್ಬೇಕು ಅಂತ ಹಟ ಹಿಡಿದಿದ್ದಾನೆ, ಎಲ್ಲಿ ಸೇರಿಸಲಿ ಅಂತ ಕೇಳಿದ್ರು. ಅದಕ್ಕೆ ಶಿರಸಿಯಿಂದ ನಿವೃತ್ತ ಉಪನ್ಯಾಸಕರೊಬ್ಬರು ಮೂರು ಪುಟ ಬರೆದಿದ್ದಾರೆ. ಸಾರಾಂಶ ಇಷ್ಟು: ಡಿಗ್ರಿ ಅಂದ್ರೆ ಪ್ರಸಾದ ಅಲ್ಲ ಬಂದವರಿಗೆಲ್ಲ ಹಂಚೋಕೆ, ಅಂಥ ಮಕ್ಕಳಿಗೆ ಮೇಣದಬತ್ತಿ ಮಾಡೋದು, ಕಾಗದದ ಕವರ್ ಅಂಟಿಸೋದು ಕಲಿಸಿ, ಹೊಟ್ಟೆಪಾಡಾಗ್ತದೆ, ತಾಯಂದಿರಿಗೆ ಸುಳ್ಳು ಆಸೆ ಹುಟ್ಟಿಸ್ಬೇಡಿ.

ಮಾಸ್ತರ್ರೇ, ಕೈಕೆಲಸ ಬೇಕು ಅನ್ನೋದು ಖರೆ, ಅದಕ್ಕೆ ತಕರಾರಿಲ್ಲ. ಮೇಣದಬತ್ತಿ ನಾವೂ ತಗೊಳ್ತೇವೆ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಅವಸ್ಥೆ ನಿಮಗೆ ಗೊತ್ತಲ್ಲ. ಆದ್ರೆ ಎಲ್ಲ ಊರಲ್ಲೂ, ಎಲ್ಲ ಮಕ್ಕಳಿಗೂ ಅದೇ ಮೇಣದಬತ್ತಿ ಯಾಕೆ? ನಿಮ್ಮ ಮೊಮ್ಮಗನಿಗೆ ಏನು ಇಷ್ಟ ಅಂತ ಕೇಳ್ತೀರಿ, ಈ ಹುಡುಗನ್ನ ಯಾರಾದ್ರೂ ಕೇಳಿದಾರಾ? (ಅಂದಹಾಗೆ ನಿಮ್ಮ ಪತ್ರದಲ್ಲಿದ್ದ 'ಮಂದಬುದ್ಧಿ' ಅನ್ನೋ ಶಬ್ದ ನಾನು ತೆಗೆದುಹಾಕಿದೇನೆ, ಕ್ಷಮಿಸಿ. 1995ರ ಅಂಗವಿಕಲರ ಕಾನೂನಲ್ಲಿ ಹತ್ತಿರಹತ್ತಿರ ಆ ಅರ್ಥದ್ದೇ ಇಂಗ್ಲಿಷ್ ಶಬ್ದ ಇತ್ತು, 2016ರ ಕಾನೂನು ಅದನ್ನ ಕೈಬಿಟ್ಟು 'ಬೌದ್ಧಿಕ ಅಂಗವಿಕಲತೆ' ಅಂತು.)

ನಮ್ಮ ಕೇರಿಯಲ್ಲೊಬ್ಬಳು ಹುಡುಗಿ, ಡೌನ್ ಸಿಂಡ್ರೋಮ್ (ಹುಟ್ಟಿನಿಂದ್ಲೇ ಇರೋ, ಕಲಿಕೆ ನಿಧಾನ ಮಾಡೋ ವರ್ಣತಂತು ವ್ಯತ್ಯಾಸ). ಮನೇಲೇ ಓದಿ ಪರೀಕ್ಷೆ ಬರೆಯೋ ಕೇಂದ್ರದ ಓಪನ್ ಸ್ಕೂಲಿನಲ್ಲಿ (ಎನ್‌ಐಒಎಸ್) ಹತ್ತನೇ ಕ್ಲಾಸು ಕಟ್ಟಿದ್ಲು. ಅಲ್ಲಿ ಐದು ವರ್ಷದೊಳಗೆ ಒಂಬತ್ತು ಸಲ ಪರೀಕ್ಷೆ ಬರೀಬಹುದು, ಪಾಸಾದ ವಿಷಯ ಪಾಸಾದ ಹಾಗೇ ಉಳೀತದೆ, ಒಂದೊಂದೇ ವಿಷಯ ಎತ್ತಿಟ್ಕೊಂಡು ಕೊನೆಗೆ ಐದೂ ಮುಗಿಸಿದ್ಲು, ಕೇರಿಗೆಲ್ಲ ಪೇಡೆ ಹಂಚಿದ್ರು. ಆಮೇಲೆ ಪಿಯುಸಿ ಆರ್ಟ್ಸಿಗೆ ಅಂತ ಅವಳಮ್ಮನ ಜೊತೆ ನಾನೂ ಹೋಗಿದ್ದೆ. ಕಾಲೇಜಿನ ಹೆಸರು ಬೇಡ. ಸೀಟು ಬೇಕಾದಷ್ಟು ಖಾಲಿ ಇತ್ತು. ಆಫೀಸಿನವರು ಕೆಟ್ಟವರೇನಲ್ಲ, ನೀರು ಕೊಟ್ರು, ಕೂರಿಸಿದ್ರು, ಆಮೇಲೆ ಮೆಲ್ಲಗೆ "ನಮ್ಮ ರಿಸಲ್ಟು ಕೆಳಗೆ ಬರ್ತದಲ್ಲ ಅಕ್ಕಾ" ಅಂದ್ರು. ಗೇಟಿನ ಮೇಲೆ ಬ್ಯಾನರ್ ಕಟ್ಟಿದ್ರು, ಅಲ್ಲಿ ಪರ್ಸೆಂಟೇಜು ದೊಡ್ಡದು, ಕಾಲೇಜಿನ ಹೆಸರು ಸಣ್ಣದು. ಆ ಹುಡುಗಿ ಹತ್ರ ಅಂಗವಿಕಲರ ಬಸ್ ಪಾಸ್ ಇದೆ, ಆದ್ರೂ ಈಗಲೂ ನನ್ನ ಕಂಡ್ರೆ "ಕಾಲೇಜಿನ ಹೆಸರಿರೋ ಪಾಸು ಯಾವಾಗ ಬರ್ತದೆ ಮಾಮ" ಅಂತ ಕೇಳ್ತಾಳೆ.

ಕಾನೂನು ಇಲ್ವಾ ಅಂದ್ರೆ ಇದೆ. 2016ರ ಕಾಯ್ದೆ ಪ್ರಕಾರ ಶೇ 40 ಅಥವಾ ಅದಕ್ಕೂ ಹೆಚ್ಚು ಅಂಗವಿಕಲತೆ ಇದ್ದ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ಕ್ಕೆ ಕಡಿಮೆಯಿಲ್ಲದಂತೆ ಸೀಟು, ವಯಸ್ಸಿನಲ್ಲಿ 5 ವರ್ಷ ಸಡಿಲಿಕೆ. ಓದೋಕೆ ಚಂದ. ಆದ್ರೆ ನಿಧಾನ ಕಲಿಯೋ ಮಗು ಹತ್ತನೇದು ಮುಗಿಸೋವಾಗ್ಲೇ ಹತ್ತೊಂಬತ್ತಿಪ್ಪತ್ತು ಆಗಿರ್ತದೆ, ಉಚಿತದ ಗಡುವು ದಾಟಿತು, ಇನ್ನು ಆ ಶೇ 5 ಸಿಗ್ಬೇಕಾದ್ರೆ ನಡುವೆ ಪಿಯುಸಿ ಪಾಸಾಗ್ಬೇಕು. ಅಟ್ಟಕ್ಕೆ ಏಣಿ ಇಟ್ಟಿದ್ದಾರೆ ಮಾರಾಯ್ರೆ, ನಡುವಿನ ಮೆಟ್ಟಿಲೇ ಇಲ್ಲ. ಹತ್ತಲಿಲ್ಲ ಅಂತ ಮಗೂನ್ನೇ ಬೈತೇವೆ.

ಹೊರಗಡೆ ಹೇಗೆ ಅಂತ ನೀವೇ ಕೇಳಿದ್ದೀರಿ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ 1987ರಿಂದ್ಲೇ ಇಂಥವರು ಬೇರೆ ವಿದ್ಯಾರ್ಥಿಗಳ ಜೊತೆ ಅದೇ ಕ್ಲಾಸಲ್ಲಿ ಕೂರ್ತಾರೆ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಲ್ಲಿ ಅವರಿಗಂತ್ಲೇ ಎರಡು ವರ್ಷದ ಸರ್ಟಿಫಿಕೇಟ್ ಕೋರ್ಸಿದೆ. ಅಮೆರಿಕದಲ್ಲಿ 2008ರ ಒಂದು ಕಾನೂನಿಂದಾಗಿ ಇಂಥ ಕೋರ್ಸಿಗೆ ಫೆಡರಲ್ ಸರ್ಕಾರದ ಹಣಸಹಾಯನೂ ಸಿಗ್ತದೆ. ಸ್ಪೇನಿನ ಪಾಬ್ಲೋ ಪಿನೇಡಾ, ಡೌನ್ ಸಿಂಡ್ರೋಮ್ ಇದ್ದೂ ಡಿಗ್ರಿಯನ್ನೇ ಪಡೆದವರು, ಆದ್ರೆ ಅಂಥ ವೀರಗಾಥೆ ಎದುರಿಗಿಡೋಕೆ ನನಗೆ ಮನಸ್ಸಿಲ್ಲ, ಯಾಕಂದ್ರೆ ಆಮೇಲೆ ಎಲ್ಲ ತಾಯಂದಿರನ್ನೂ "ನಿಮ್ಮ ಮಗ ಅವರಷ್ಟು ಹುಷಾರಾ" ಅಂತ ಕೇಳ್ತೇವೆ. ನಾನು ಹೇಳೋದು ಪಾಸಾಗದೇ ಇದ್ರೂ ಕೂರೋಕೆ ಜಾಗ ಕೊಡಿ ಅಂತ. ಡಿಗ್ರಿ ಪ್ರಸಾದ ಅಲ್ಲ, ಒಪ್ಪಿದೆ, ಆದ್ರೆ ಕೂರೋ ಬೆಂಚನ್ನೂ ಹಂಚಬಾರ್ದಾ?

ಘಟ್ಟದ ಮೇಲೆ ನಮ್ಮ ಸಂಬಂಧಿಕರಲ್ಲೊಬ್ಬ ಚಿಕ್ಕಪ್ಪ ಇದ್ದ, ಎಲ್ರೂ 'ಪೆದ್ದ' ಅಂತಿದ್ರು. ಚಾಲಿ ಅಡಿಕೆ (ಒಣಗಿಸಿ ಸುಲಿದದ್ದು) ಆರಿಸೋಕೆ ಅವನೇ ಬೇಕು, ಯಾವ ವರ್ಷದ ಯಕ್ಷಗಾನದ ಆಟದಲ್ಲಿ ಯಾರು ಕೌರವ ಮಾಡಿದ್ರು, ಯಾರು ಭೀಮ ಅಂತ ನಲವತ್ತು ವರ್ಷದ್ದು ಹೇಳ್ತಿದ್ದ, ಒಂದೂ ತಪ್ಪಲ್ಲ. ಯಾರೂ ಬರೆದಿಟ್ಕೊಂಡಿಲ್ಲ, ನಾನೂ ಇಲ್ಲ. ಅವನು ಹೋದ ಮೇಲೆ ಯಕ್ಷಗಾನದ ಮೇಲೆ ಲೇಖನ ಬರೆಯೋಕೆ ಕೂತಾಗ ಅದರ ಬೆಲೆ ಗೊತ್ತಾಯ್ತು.

ಮತ್ತೆ ನಮ್ಮ ಜಿಲ್ಲೆಯವರಿಗೆ ಇದು ಹೊಸದಾ? ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಬಡವರ ಮಕ್ಕಳಿಗೆ ಹೈಸ್ಕೂಲು ತೆಗೆದಾಗ್ಲೂ ಯಾರೋ ಅಂದಿರ್ಬೇಕು, ಬಲೆ ಎಳೆಯೋರ ಮಕ್ಕಳಿಗೆ ಹೈಸ್ಕೂಲು ಯಾಕೆ, ಬಲೆ ಕೆಲಸ ಕಲಿಸಿ ಸಾಕು ಅಂತ. ನೀವು ಓದಿದ್ದು ಅಂಥ ಶಾಲೇಲೇ ಅಂತ ನೀವೇ ಬರ್ದಿದ್ದೀರಿ! ಇವತ್ತು ಹುಷಾರು ಮಕ್ಕಳನ್ನ ನೀಟು, ಸಿಇಟಿ ಅಂತ ಹಾಸ್ಟೆಲ್ಲಿಗೆ ಕಳಿಸ್ತೇವೆ, ಹಳ್ಳಿ ಕಾಲೇಜಲ್ಲಿ ಬೆಂಚು ಖಾಲಿ, ಲೆಕ್ಚರರ್ ಪೋಸ್ಟೂ ಖಾಲಿ, ಆ ಖಾಲಿ ಬೆಂಚಲ್ಲಿ ಕೂರೋಕೆ ಬಂದವರನ್ನ ಮಾತ್ರ ಪರ್ಸೆಂಟೇಜ್ ಹಾಳಾಗ್ತದೆ ಅಂತ ವಾಪಸ್ ಕಳಿಸ್ತೇವೆ. ಈ ಬ್ಯಾನರ್ ಹುಚ್ಚು ಯಾವಾಗ ಹತ್ತಿತು ಅಂತ ನೀವೇ ಒಂದು ಲೇಖನ ಬರ್ಕೊಡಿ, ಖಂಡಿತ ಹಾಕ್ತೇನೆ.

ಮೂವತ್ತು ವರ್ಷ ಪಾಠ ಮಾಡಿದವರು ನೀವು, ಜಿಲ್ಲೇಲಿ ಅರ್ಧ ಪ್ರಿನ್ಸಿಪಾಲರು ನಿಮ್ಮ ಶಿಷ್ಯಂದಿರು. ನನ್ನ ಮಾತಿಗೆ ನೀರು ಕೊಟ್ಟು ಕಳಿಸ್ತಾರೆ, ನಿಮ್ಮನ್ನ ಕಂಡ್ರೆ ಎದ್ದು ನಿಲ್ತಾರೆ. ಜೂನಲ್ಲಿ ಅಡ್ಮಿಷನ್ ಶುರುವಾದ ಕೂಡ್ಲೆ ಘಟ್ಟ ಇಳಿದು ಬನ್ನಿ, ಹೊನ್ನಾವರದ ಆ ಹುಡುಗನ್ನೂ ನಮ್ಮ ಕೇರಿ ಹುಡುಗೀನೂ ಕರ್ಕೊಂಡು ನಾಕು ಜನ ಒಟ್ಟಿಗೇ ಹೋಗೋಣ. ಮಳೆ ಇರ್ತದೆ, ಕೊಡೆ ತನ್ನಿ.

— ಸಂಪಾದಕ