ರೊಟ್ಟಿ ಬಡಿಯುತ್ತಲೇ ಪಾತ್ರ ಗುರುತಿಸುವವರಿಗೆ

ಪ್ರಶ್ನೆ: ಮಗ ಪಡಸಾಲೆಯಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಅನ್ನುವ ಇಂಗ್ಲಿಷ್ ಸರಣಿ ನೋಡುತ್ತಾನೆ. ನಾನು ಒಳಗೆ ರೊಟ್ಟಿ ಬಡಿಯುತ್ತಿರುತ್ತೇನೆ. ಭಾಷೆ ತಿಳಿಯದು. ಆದರೂ ಸಂಗೀತ ಕೇಳಿಯೇ ಯಾರು ಬಂದರು ಅಂತ ಹೇಳಿಬಿಡುತ್ತೇನೆ. ಇದು ಹೇಗೆ?
– ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಅಕ್ಕಾ, ನಿಮ್ಮ ಕಿವಿಗೆ ಶರಣು! ಪಾತ್ರಕ್ಕೋ ಮನೆತನಕ್ಕೋ ಅಂಟಿಕೊಂಡ ಇಂಥ ಪುಟ್ಟ ರಾಗಕ್ಕೆ ಲೈಟ್‌ಮೋಟಿಫ್ ಅನ್ನುತ್ತಾರೆ. ಜರ್ಮನಿಯ ವಾಗ್ನರ್ ತನ್ನ ಸಂಗೀತ ನಾಟಕಗಳಲ್ಲಿ ಇದನ್ನು ಧಾರಾಳವಾಗಿ ಬಳಸಿದ. ನಮಗೇನು ಹೊಸದಲ್ಲ ಬಿಡಿ. ಚಿಕ್ಕವನಿದ್ದಾಗ ಗದಗ ಕಡೆ ದೊಡ್ಡಾಟ ನೋಡುತ್ತಾ ನಿದ್ದೆ ಹೋಗುತ್ತಿದ್ದೆ. ಮದ್ದಳೆ ಜೋರಾದರೆ ರಾಕ್ಷಸ ಬಂದ ಅಂತ ಕಣ್ಣು ಬಿಡುತ್ತಿದ್ದೆ.

ಈ ಸರಣಿಗೆ ಸಂಗೀತ ಕೊಟ್ಟವರು ರಮಿನ್ ಜವಾಡಿ. ಶುರುವಿನ ಸಂಗೀತದಲ್ಲಿ ಎದ್ದು ಕೇಳುವುದು ಚೆಲ್ಲೋ, ಅಂದರೆ ದೊಡ್ಡ ಪಿಟೀಲಿನಂಥ ವಾದ್ಯ. ಆದರೆ ಅವರ ನಿಜವಾದ ಕೈಚಳಕ ಲ್ಯಾನಿಸ್ಟರ್ ಮನೆತನದ ಹಾಡಿನಲ್ಲಿದೆ. 2013ರ ಮೂರನೇ ಸೀಸನ್‌ನಲ್ಲಿ ಒಂದು ಮದುವೆ ಊಟ. ಬಾಗಿಲು ಮುಚ್ಚುತ್ತಾರೆ, ವಾದ್ಯದವರು ಸುಮ್ನೆ ಆ ರಾಗ ಎತ್ತುತ್ತಾರೆ. ಊಟಕ್ಕೆ ಬಂದ, ಲ್ಯಾನಿಸ್ಟರ್‌ಗಳ ಶತ್ರು ಮನೆತನದ ಕೇಟ್ಲಿನ್ ಮುಖ ಬಿಳಿಚಿಕೊಳ್ಳುತ್ತದೆ. ಕತ್ತಿ ಆಮೇಲೆ ಬರುತ್ತದೆ, ರಾಗ ಮೊದಲೇ ಹೇಳಿಬಿಟ್ಟಿರುತ್ತದೆ.

ಇನ್ನೊಂದು ಕಡೆ, ರಾಗ ಕೇಳಿ ಪಾತ್ರ ಗುರುತಿಸುವ ನಮ್ಮ ಅಭ್ಯಾಸವನ್ನೇ ಜವಾಡಿ ತಲೆಕೆಳಗು ಮಾಡಿದರು. ಆರನೇ ಸೀಸನ್‌ನ ಕೊನೆಯ ಕಂತು, 2016. ಅಲ್ಲಿಯವರೆಗೆ ಎದ್ದು ಕೇಳದ ಪಿಯಾನೋ ಮೆಲ್ಲಗೆ ಶುರುವಾಗುತ್ತದೆ. ಯಾರ ರಾಗವೂ ಅಲ್ಲ. ಏನೋ ಕೆಟ್ಟದ್ದಿದೆ ಅಂತ ಎದೆ ಹೊಡೆದುಕೊಳ್ಳುತ್ತದೆ, ಅಲ್ವಾ?

ಆ ಕಂತನ್ನು ಮಗನಿಗೆ ಮತ್ತೆ ಹಾಕಲು ಹೇಳಿ. ಮೊದಲು ಹಂಚಿನ ಮೇಲಿನ ರೊಟ್ಟಿ ಇಳಿಸಿಬಿಡಿ.