ಮೈಸೂರಿನ ಬೀಟೆಮರದ ಇನ್ಲೇ (ಮರದಲ್ಲಿ ಬೇರೆ ಬಣ್ಣದ ತುಂಡು ಕೂರಿಸಿ ಮಾಡುವ ಕುಸುರಿ ಫಲಕ) ಮಾರಲು ಸ್ವಂತ ವೆಬ್‌ಸೈಟ್ ಬೇಕೆ?

ಬೇಕು, ಆದರೆ ಒಂದೇ ಪುಟ ಸಾಕು. ಡೊಮೈನ್, ಅಂದರೆ ಸೈಟಿನ ವಿಳಾಸ, ಮಾತ್ರ ನಿಮ್ಮ ಹೆಸರಿನಲ್ಲೇ ನೋಂದಾಯಿಸಿ. ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿದ್ದರೆ ನಾಳೆ ಅವರನ್ನು ಬಿಟ್ಟಾಗ ವಿಳಾಸವೂ ಕೈತಪ್ಪುತ್ತದೆ.

ಹೆಚ್ಚು ಶ್ರಮ ಫೋಟೋಗೆ ಹಾಕಿ. ಪಾಲಿಶ್ ಮಾಡಿದ ಬೀಟೆ ಫ್ಲ್ಯಾಶ್‌ಗೆ ಬೆಳ್ಳಗೆ ಹೊಳೆದು ಕುಸುರಿಯೇ ಕಾಣುವುದಿಲ್ಲ. ಬೆಳಿಗ್ಗೆ ಕಿಟಕಿಯ ಪಕ್ಕ, ಬಿಳಿ ಪಂಚೆಯನ್ನು ಪರದೆಯಾಗಿ ಕಟ್ಟಿ ತೆಗೆಯಿರಿ: ಇಡೀ ಫಲಕದ್ದೊಂದು, ಕುಸುರಿಯ ಹತ್ತಿರದ್ದೊಂದು, ಹಿಂಬದಿಯದ್ದೊಂದು. ಪ್ರತಿಯೊಂದೂ 200 ಕೆಬಿ ಒಳಗಿರಲಿ, ಇಲ್ಲದಿದ್ದರೆ ಮೊಬೈಲಿನಲ್ಲಿ ಪುಟ ತೆರೆಯುವಷ್ಟರಲ್ಲಿ ಗಿರಾಕಿ ಹೋಗಿರುತ್ತಾರೆ. ಕೆಳಗೆ ಅಳತೆ, ತೂಕ, ಬೆಲೆ, ಕಳಿಸಲು ಹಿಡಿಯುವ ದಿನ ಬರೆಯಿರಿ. ‘ಬೆಲೆಗೆ ಕರೆ ಮಾಡಿ’ ಅಂದರೆ ಬಹಳ ಮಂದಿ ಮಾಡುವುದಿಲ್ಲ.

ಗಿರಾಕಿ ನಿಮಗೆ ಸಂದೇಶ ಕಳಿಸಲು ಪುಟದಲ್ಲಿ ಹಾಕುವ ವಾಟ್ಸ್‌ಆ್ಯಪ್ ಕೊಂಡಿಯಲ್ಲಿ ದೇಶದ ಕೋಡ್ 91ರ ನಂತರ ನಿಮ್ಮ ಮೊಬೈಲಿನ 10 ಅಂಕಿ ಮಾತ್ರ. ನಡುವೆ ಸೊನ್ನೆ ಸೇರಿಸಿದರೆ ಅದು ಕೆಲಸ ಮಾಡದು.