ಗೋಧಿಗೆ ಎಷ್ಟು ಹೆಸರು?

ಪ್ರಶ್ನೆ: ಆಹಾರ ಸಸ್ಯಗಳ ಪಟ್ಟಿ ಮಾಡುತ್ತಿದ್ದೇನೆ. ಗೋಧಿಯ ವೈಜ್ಞಾನಿಕ ಹೆಸರು ಒಂದು ಕಡೆ ಟ್ರಿಟಿಕಮ್ ಈಸ್ಟಿವಮ್, ಇನ್ನೊಂದು ಕಡೆ ಟ್ರಿಟಿಕಮ್ ಡ್ಯೂರಮ್ ಎಂದಿದೆ. ಯಾವುದು ಸರಿ?

ಉತ್ತರ: ಎರಡೂ ಸರಿ, ಗೋಧಿಯೇ ಬೇರೆ ಬೇರೆ. ಜಗತ್ತಿನಲ್ಲಿ ಅತಿ ಹೆಚ್ಚು ಬೆಳೆಯುವ, ಬ್ರೆಡ್ಡಿಗೆ ಬಳಸುವ ಗೋಧಿ ಈಸ್ಟಿವಮ್. ಇದರ ಜೀವಕೋಶದಲ್ಲಿ 42 ವರ್ಣತಂತುಗಳು (ವಂಶಗುಣಗಳನ್ನು ಹೊತ್ತ ಎಳೆಗಳು, ಕ್ರೋಮೊಸೋಮ್). ಪಾಸ್ತಾಕ್ಕೆ ಹೋಗುವ ಗಟ್ಟಿ ಕಾಳಿನ ಡ್ಯೂರಮ್‌ನಲ್ಲಿ 28. ಹೆಚ್ಚುವರಿ 14 ಬಂದದ್ದು ಈಜಿಲಾಪ್ಸ್ ಟಾಶಿಯೈ ಎಂಬ ಕಾಡುಹುಲ್ಲಿನಿಂದ. ಬ್ರೆಡ್ಡಿನ ಹಿಟ್ಟು ಜಗ್ಗಿದರೂ ಹರಿಯದೆ ಉಬ್ಬುವುದರಲ್ಲಿ ಆ ಹುಲ್ಲಿನ ಪಾಲು ದೊಡ್ಡದು. ಜವೆಗೋಧಿಯಲ್ಲೂ 28 ವರ್ಣತಂತುಗಳೇ, ಆದರೆ ತೆನೆ ಬಡಿದರೂ ಹೊಟ್ಟು ಕಾಳನ್ನು ಬಿಡುವುದಿಲ್ಲ. ಬಿಡಿಸಲು ಮತ್ತೆ ಕುಟ್ಟಬೇಕು. ಅದು ಟ್ರಿಟಿಕಮ್ ಡೈಕಾಕಮ್. ಡ್ಯೂರಮ್, ಡೈಕಾಕಮ್ ಎರಡನ್ನೂ ಟ್ರಿಟಿಕಮ್ ಟರ್ಜಿಡಮ್‌ನ ಉಪಪ್ರಭೇದಗಳೆಂದು ಬರೆಯುವವರೂ ಇದ್ದಾರೆ. ಯಾವ ಪದ್ಧತಿಯನ್ನಾದರೂ ಹಿಡಿಯಿರಿ, ಒಂದೇ ಪಟ್ಟಿಯಲ್ಲಿ ಎರಡನ್ನೂ ಬೆರೆಸಬೇಡಿ. ಕಾಳು ಯಾವುದೆಂದು ಖಚಿತವಿಲ್ಲದಿದ್ದರೆ ‘ಟ್ರಿಟಿಕಮ್ ಪ್ರಭೇದ’ ಎಂದಷ್ಟೇ ಬರೆಯುವುದು ಮೇಲು.

ಪ್ರಶ್ನೆ: ಟೊಮೆಟೊ ಎಂದರೆ ಲೈಕೊಪರ್ಸಿಕಾನ್ ಎಸ್ಕುಲೆಂಟಮ್ ಎಂದು ಓದಿದ್ದೆವು. ಈಗ ಸೊಲೇನಮ್ ಲೈಕೊಪರ್ಸಿಕಮ್ ಎನ್ನುತ್ತಾರಲ್ಲ?

ಉತ್ತರ: ಹೊಸದೆನಿಸುವ ಈ ಹೆಸರೇ ಹಳೆಯದು. 1753ರಲ್ಲಿ, ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಸಸ್ಯವಿಜ್ಞಾನಿ ಲಿನೇಯಸ್ ಕೊಟ್ಟದ್ದು ಅದನ್ನೇ. 1768ರಲ್ಲಿ ಸಸ್ಯವಿಜ್ಞಾನಿ ಫಿಲಿಪ್ ಮಿಲ್ಲರ್ ಟೊಮೆಟೊವನ್ನು ಲೈಕೊಪರ್ಸಿಕಾನ್ ಎಂಬ ಪ್ರತ್ಯೇಕ ಜಾತಿಗೆ (ಜೀನಸ್, ಹೆಸರಿನ ಮೊದಲ ಪದ) ಸೇರಿಸಿ ಎಸ್ಕುಲೆಂಟಮ್ ಎಂದರು. ಡಿಎನ್‌ಎ ಹೋಲಿಸಿ ನೋಡಿದಾಗ ಅದು ಆಲೂಗಡ್ಡೆ, ಬದನೆಗಳಿರುವ ಸೊಲೇನಮ್ ಜಾತಿಯೊಳಗೇ ಇದೆಯೆಂದು ಸ್ಪಷ್ಟವಾಗಿ, ಮೊದಲಿನ ಹೆಸರು ಮರಳಿತು. ಹಳೆಯ ಪುಸ್ತಕಗಳಲ್ಲಿ ಮಾಹಿತಿ ಹುಡುಕುವಾಗ ಎರಡೂ ಹೆಸರು ನೋಡಿ.

ಪ್ರಶ್ನೆ: ಇಂಥ ಹೆಸರುಗಳನ್ನು ಬರೆಯುವಾಗ ಸಾಮಾನ್ಯವಾಗಿ ಆಗುವ ತಪ್ಪುಗಳೇನು?

ಉತ್ತರ: ಲ್ಯಾಟಿನ್ ಲಿಪಿಯಲ್ಲಾದರೆ ಮೊದಲ ಪದದ ಮೊದಲಕ್ಷರ ಮಾತ್ರ ದೊಡ್ಡದು. ಅಚ್ಚಿನಲ್ಲಿ ಓರೆ ಅಕ್ಷರ. ಕೈಬರಹದಲ್ಲಿ ಎರಡೂ ಪದಗಳಿಗೆ ಬೇರೆ ಬೇರೆ ಅಡಿಗೆರೆ. ಒಮ್ಮೆ ಪೂರ್ತಿ ಬರೆದ ಮೇಲೆ ಮೊದಲ ಪದವನ್ನು ಒಂದಕ್ಷರಕ್ಕೆ ಇಳಿಸಬಹುದು. ಬೇಳೆಕಾಳುಗಳ ಪಟ್ಟಿಯಲ್ಲಿ ಮಾತ್ರ ಅದು ಬೇಡ: ವಿಗ್ನ, ವಿಸಿಯ ಎಂಬ ಎರಡು ಜಾತಿಗಳೂ ‘ವಿ.’ ಆಗಿ ಗೊಂದಲವಾಗುತ್ತದೆ. ಅಂದಹಾಗೆ, ವಿಗ್ನ ಮುಂಗೊ ಎಂದು ಓದಿ ಹೆಸರುಕಾಳು ಅಂದುಕೊಳ್ಳುವವರೇ ಹೆಚ್ಚು. ಅದು ಉದ್ದು, ಹೆಸರುಕಾಳು ವಿಗ್ನ ರೇಡಿಯೇಟ. ಸಿಪ್ಪೆ ಕಪ್ಪಗಿರುವ ಹೆಸರುಕಾಳೂ ಉಂಟು, ಹಾಗಾಗಿ ಬಣ್ಣ ನಂಬಬೇಡಿ. ಕಾಳಿನ ಬಿಳಿ ಕಣ್ಣನ್ನು ನೋಡಿ: ಉದ್ದಿನದಕ್ಕೆ ಎದ್ದ ಅಂಚು, ನಡುವೆ ತಗ್ಗು, ಹೆಸರುಕಾಳಿನದು ಸಪಾಟು.